ಮೀನಿಗೆ ಬೆಲ್ಲ ಹುಡುಕಿದ ಸಣ್ಣೀರಮ್ಮ

ಹಿಂದೆ, ಬಲು ಹಿಂದೆ, ಕಲ್ತೂಬಿನಹಳ್ಳಿ ಅಂತ ಒಂದು ಊರು. ಯಾವ ಇಸವಿ ಅಂತ ಕೇಳಬೇಡಿ, ಯಾವ ರಾಜನ ಕಾಲ ಅಂತಲೂ ಕೇಳಬೇಡಿ. ನನಗೆ ಹೇಳಿದ ನಮ್ಮಜ್ಜಿಗೇ ಗೊತ್ತಿರಲಿಲ್ಲ, ಅವಳಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಕೆರೆ ಇತ್ತು, ಕೆರೆಗೆ ಕಲ್ಲಿನ ತೂಬಿತ್ತು, ತೂಬಿನ ಮಗ್ಗುಲಿಗೆ ಬೆಸ್ತರ ಹದಿನಾಲ್ಕು ಮನೆ ಇದ್ದವು. ಅಷ್ಟು ಗೊತ್ತಿದ್ದರೆ ಸಾಕು, ಕಥೆ ನಡೆಯುತ್ತದೆ.

ಈ ಹದಿನಾಲ್ಕು ಮನೆಯವರು ಬರೀ ಮೀನು ಹಿಡಿಯುವವರಲ್ಲ, ಸಾಕುವವರು. ಮುಂಗಾರು ಬಿದ್ದು ಹೊಳೆಗೆ ಕೆಂಪು ನೀರು ಬಂದಾಗ ಗಂಡಸರು ಎರಡು ದಿನದ ದಾರಿ ನಡೆದು ಹೊಳೆಗೆ ಹೋಗುತ್ತಿದ್ದರು. ಎಳ್ಳುಕಾಳಿನಷ್ಟಿದ್ದ ಗೆಂಡೆ ಮರಿಗಳನ್ನು ಮಡಕೆಗೆ ತುಂಬಿಕೊಂಡು, ಹೆಗಲಿನ ಅಡ್ಡೆಯಲ್ಲಿ ಹೊತ್ತು ತರುತ್ತಿದ್ದರು. ದಾರಿಯುದ್ದಕ್ಕೂ ಮಡಕೆಯ ನೀರು ಕುಲುಕುತ್ತಲೇ ಇರಬೇಕು, ನಿಂತರೆ ಮರಿ ಸಾಯುತ್ತದೆ. ಅದಕ್ಕೇ ಅವರು ನಡೆಯುತ್ತಲೇ ಉಣ್ಣುತ್ತಿದ್ದರಂತೆ. ಎದುರಿಗೆ ಬೀಗರು ಸಿಕ್ಕಿದರೂ ನಿಲ್ಲದೆ, ಹಿಂದಕ್ಕೆ ತಿರುಗಿ ಮಾತಾಡುತ್ತಾ ಮುಂದಕ್ಕೆ ಹೋಗುತ್ತಿದ್ದರಂತೆ. ಆಮೇಲೆ ಹತ್ತು ತಿಂಗಳು ಆ ಮರಿಗಳಿಗೆ ತೌಡು, ಹಿಂಡಿ, ಸಗಣಿ. ನೀರುನಾಯಿ ಬಂದರೆ ತಮಟೆ ಬಡಿದು ಓಡಿಸುವುದು. ಮಕ್ಕಳನ್ನು ಸಾಕಿದ ಹಾಗೇ ಸಾಕುವುದು. ನಿಜ ಹೇಳಬೇಕೆಂದರೆ ಮಕ್ಕಳಿಗಿಂತ ಒಂದು ಗುಲಗಂಜಿ ಹೆಚ್ಚೇ.

ಇಷ್ಟೆಲ್ಲ ಮಾಡಿ ಏನು ಬಂತು? ವೈಶಾಖದಲ್ಲಿ ಕೆರೆ ಮೊಣಕಾಲುದ್ದಕ್ಕೆ ಇಳಿದಾಗ ತೂಬು ಎತ್ತಿ, ಉಳಿದ ನೀರನ್ನು ಬಸಿದು, ಒಂದೇ ದಿನದಲ್ಲಿ ಎಲ್ಲ ಮೀನನ್ನೂ ಹಿಡಿಯಬೇಕು. ತಡ ಮಾಡಿದರೆ ಬಿಸಿಲಿಗೆ ಕೆಸರು ಕಾದು ಮೀನು ತಾನಾಗಿ ಸಾಯುತ್ತದೆ. ವರ್ಷದ ದುಡಿಮೆಯೆಲ್ಲ ಒಂದೇ ದಿನ ದಡಕ್ಕೆ ಬಂದು ಬೀಳುತ್ತಿತ್ತು. ಆ ದಿನ ಪೇಟೆಯಿಂದ ಒಬ್ಬ ವ್ಯಾಪಾರಿ ಗಾಡಿ ಕಟ್ಟಿಕೊಂಡು ಬರುತ್ತಿದ್ದ. ಬಂದವನು ಮೀನಿನ ಹತ್ತಿರ ಸುಳಿಯುತ್ತಿರಲಿಲ್ಲ. ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಎಲೆಯಡಿಕೆ ಮೆಲ್ಲುತ್ತಾ ಕೂರುತ್ತಿದ್ದ. ಬೆಳಗ್ಗೆ ಒಂದು ಬೆಲೆ ಹೇಳಿದರೆ ಹೂಂ ಅನ್ನುತ್ತಿರಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಅರ್ಧ ಹೇಳಿದರೂ ಹೂಂ ಅನ್ನುತ್ತಿರಲಿಲ್ಲ. ಹೊತ್ತು ಇಳಿದು ಮೀನಿನ ಕಣ್ಣು ಬೆಳ್ಳಗಾದಾಗ ಎದ್ದು ಬಂದು, ಅಯ್ಯೋ ಪಾಪ ಅಂತ ಕಾಲು ಬೆಲೆಗೆ ಎಲ್ಲವನ್ನೂ ಗಾಡಿಗೆ ತುಂಬಿಕೊಳ್ಳುತ್ತಿದ್ದ. ಅವನ ತಾಯಿ ಇಟ್ಟ ಹೆಸರು ಏನಿತ್ತೋ, ನಮ್ಮವರು ಅವನನ್ನು ನೆರಳಿನ ಸಾವ್ಕಾರ ಅಂತಲೇ ಕರೆಯುತ್ತಿದ್ದರು.

ಒಂದು ವರ್ಷ ಹೀಗೆಯೇ ತುಂಬಿಕೊಂಡು ಹೊರಡುವಾಗ ಸಾವ್ಕಾರ ಒಂದು ಮಾತು ಹೇಳಿದನಂತೆ. ಈ ಕೆರೆಯನ್ನು ನನಗೇ ಬಿಟ್ಟುಬಿಡಿ, ಮರಿ ತರುವುದಕ್ಕೆ, ತೌಡು ಹಾಕುವುದಕ್ಕೆ ನಿಮಗೇ ಕೂಲಿ ಕೊಡುತ್ತೇನೆ, ನಿಮಗೂ ತಲೆನೋವಿಲ್ಲ ನನಗೂ ತಲೆನೋವಿಲ್ಲ, ಬರುವ ವೈಶಾಖಕ್ಕೆ ಉತ್ತರ ಹೇಳಿ ಅಂದನಂತೆ. ಹಟ್ಟಿಯ ಯಜಮಾನರೆಲ್ಲ ಸೇರಿದರು. ಅವನು ಹೇಳುವುದೂ ಸರಿಯೇ ಅಲ್ಲವೇ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆರೆ ಹೋದರೆ ಬೆಸ್ತರಿಗೆ ಇನ್ನೇನು ಉಳಿಯಿತು? ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಸೋತವನಿಗೆ ಕೂಲಿಯೂ ದೊಡ್ಡದಾಗಿ ಕಾಣುತ್ತದೆ.

ಆಗ ಎದ್ದವಳೇ ಸಣ್ಣೀರಮ್ಮ.

ಸಣ್ಣೀರಮ್ಮ ತೂಬು ಕಾಯುವ ಮಾಲಿಂಗನ ಹೆಂಡತಿ. ಕಪ್ಪಗೆ, ಕುಳ್ಳಗೆ, ಬಲಗೈಯ ಮೇಲೆ ಒಂದು ಸುಟ್ಟ ಕಲೆ. ತೌರಿನಲ್ಲಿ ಅವರಿಗೆ ಕೆರೆಯಲ್ಲಿ ಪಾಲಿರಲಿಲ್ಲ, ಆಲೆಮನೆಗೆ ಕೂಲಿಗೆ ಹೋಗುತ್ತಿದ್ದರು. ಅವಳು ಮದುವೆಯಾಗಿ ಬರುವ ತನಕ ಬೆಲ್ಲದ ಕೊಪ್ಪರಿಗೆಯ ಕೆಳಗೆ ಉರಿ ಹಾಕಿದವಳು. ಅವಳು ನ್ಯಾಯದ ಕಟ್ಟೆಯ ಮುಂದೆ ನಿಂತು ಹೇಳಿದ್ದು ಇಷ್ಟೇ ಅಂತಾರೆ:

"ಕಬ್ಬಿನ ಹಾಲೂ ಮದ್ಯಾನಕ್ಕೇ ಹುಳಿ ಆಯ್ತದೆ ಕಣ್ರಪ್ಪಾ. ಆದ್ರೂ ಕಬ್ಬು ಬೆಳ್ಯೋ ಗೌಡ್ರು ಯಾವ ಸಾವ್ಕಾರನ ಮುಂದಾರ ಕೈ ಹೊಸಕೊಂಡು ನಿಂತಿದ್ದ ಕಂಡಿದ್ದೀರಾ? ಇಲ್ಲ. ಯಾಕಂದ್ರೆ ಅವ್ರತ್ರ ಬೆಲ್ಲ ಅದೆ. ಬೆಲ್ಲ ವರ್ಷಗಟ್ಲೆ ಕಾಯ್ತದೆ. ಮೀನಿಗೆ ಬೆಲ್ಲ ಯಾವ್ದು, ಅದ ಹೇಳಿ ಮೊದ್ಲು."

ಸುತ್ತ ನಿಂತವರೆಲ್ಲ ನಕ್ಕರು. ನಗದೆ ಇರುತ್ತಾರೆಯೇ? ಒಬ್ಬನಂತೂ ಮನೆಗೆ ಹೋಗಿ ನಿಜವಾಗಿಯೇ ಒಂದು ಗೆಂಡೆಯನ್ನು ಬೆಲ್ಲದ ಪಾಕದಲ್ಲಿ ಬೇಯಿಸಿದನಂತೆ. ನಾಯಿ ಮೂಸಿ ನೋಡಿ ದೂರ ಹೋಗಿ ಕೂತಿತಂತೆ. ಆದರೆ ಯಜಮಾನರು ನಗಲಿಲ್ಲ. ವೈಶಾಖದ ತನಕ ಹೇಗೂ ಹೊತ್ತಿದೆ, ಹುಡುಕುವುದಾದರೆ ಹುಡುಕಲಿ ಅಂದರು.

ಆ ಊರಿನ ಕಬ್ಬಿನ ಗದ್ದೆಯೆಲ್ಲ ಗಾಣದ ಮರೀಗೌಡರದು. ಅವರ ಹಳೇ ಆಲೆಮನೆಯೊಂದು ಪಾಳು ಬಿದ್ದಿತ್ತು. ಸಣ್ಣೀರಮ್ಮ ಹೋಗಿ ಅದನ್ನು ಕೇಳಿದಳು. ಗೌಡರು ಮೊದಲು ಆಗುವುದಿಲ್ಲ ಅಂದರು. ಆಲೆಮನೆಯೊಳಗೆ ಮೀನು ತಂದರೆ ನನ್ನ ಬೆಲ್ಲವನ್ನು ಯಾರು ಮೂಸುತ್ತಾರೆ ಅಂದರು. ಇವಳು ಜಗ್ಗಲಿಲ್ಲ. ಹೊಸ ಆಲೆಮನೆ ಗಾಳಿ ಬರುವ ಕಡೆ, ಹಳೆಯದು ಗಾಳಿ ಹೋಗುವ ಕಡೆ, ವಾಸನೆ ಹಿಂದಕ್ಕೆ ನಡೆಯುವುದಿಲ್ಲ ಅಂದಳು. ಈ ಸಲದ ಗಾಣಕ್ಕೆ ಕೂಲಿಯಿಲ್ಲದೆ ಉರಿ ಹಾಕಿಕೊಡುತ್ತೇನೆ ಅಂತಲೂ ಸೇರಿಸಿದಳು. ಗೌಡರಿಗೆ ಗಾಳಿಯ ಮಾತಿಗಿಂತ ಕೂಲಿಯ ಮಾತು ಚೆನ್ನಾಗಿ ಕೇಳಿಸಿತು, ಒಪ್ಪಿದರು.

ಗಂಗಮ್ಮ ಕನಸಿಗೆ ಬಂದು ಅವಳಿಗೆ ವಿದ್ಯೆ ಹೇಳಿಕೊಟ್ಟಳು ಅಂತಾರೆ. ನಮ್ಮಜ್ಜಿ ಮಾತ್ರ, ಕನಸೂ ಇಲ್ಲ ಗಿನಸೂ ಇಲ್ಲ, ಅರವತ್ತು ಮೀನು ಹಾಳು ಮಾಡಿ ಕಲಿತಳು ಅನ್ನುತ್ತಿದ್ದಳು. ನಾನು ಅಜ್ಜಿಯ ಕಡೆ.

ಮೊದಲು ಹಾಳಾದದ್ದು ಅವಳ ಕೈಗೆ ಇದ್ದ ಅಭ್ಯಾಸದಿಂದಲೇ. ಉರಿ ಅಂದರೆ ಅವಳಿಗೆ ಬೆಲ್ಲದ ಉರಿ. ಒಣಗಿದ ರಚ್ಚು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಅದನ್ನು ಒಲೆಗೆ ತುರುಕಿದರೆ ಹುಲಿ ಗುಟುರು ಹಾಕಿದ ಹಾಗೆ ಉರಿಯುತ್ತದೆ. ಅಂಥ ಉರಿಯ ಮೇಲೆ ಇಡೀ ಇಡೀ ಗೆಂಡೆ ತೂಗುಹಾಕಿದಳು. ಹೊರಗೆ ಚಿನ್ನದ ಬಣ್ಣ ಬಂತು, ಅವಳಿಗೆ ಹಿಗ್ಗೋ ಹಿಗ್ಗು. ಬುಟ್ಟಿ ತುಂಬಿಕೊಂಡು ಸಂತೆಗೆ ಹೋದಳು. ಮೂರನೇ ದಿನದ ಮೀನು. ಹೊರಗೆ ಚಿನ್ನ, ಒಳಗೆ ಹಸಿ. ಸಂತೆಯಲ್ಲಿ ಒಬ್ಬ ಮುರಿದು ನೋಡಿದ, ಮೂಗು ಮುಚ್ಚಿಕೊಂಡ. ಅಕ್ಕಪಕ್ಕದವರು ಬೈದು ಅವಳನ್ನು ಸಂತೆಯ ಕೊನೆಗೆ, ದನ ಕಟ್ಟುವ ಕಡೆಗೆ ಎಬ್ಬಿಸಿದರು. ಊರಿಗೆ ವಾಪಸ್ಸು ಬರುವಾಗ ಬುಟ್ಟಿ ತಲೆಯ ಮೇಲಿಲ್ಲ, ಕಂಕುಳಲ್ಲಿತ್ತಂತೆ, ಖಾಲಿ. ದಾರಿಯ ಹಳ್ಳದಲ್ಲಿ ಎಲ್ಲವನ್ನೂ ಹೂತು ಬಂದಿದ್ದಳು. ಅಷ್ಟು ದುಃಖವಾಗಿತ್ತು ಅವಳಿಗೆ.

ಮಾಲಿಂಗ ಮಾತು ಕಡಿಮೆಯ ಮನುಷ್ಯ. ಮಾರನೆಯ ದಿನ ಕೆರೆಗೆ ಬಲೆ ಹಾಕಿ ಇನ್ನೆರಡು ಗೆಂಡೆ ಹಿಡಿದು ತಂದು ಅವಳ ಮುಂದೆ ಇಟ್ಟನಂತೆ.

ಹಾಗೆ ಎರಡೆರಡು, ಮೂರುಮೂರು ಮೀನಿನ ಮೇಲೆ ವೈಶಾಖ ಹತ್ತಿರವಾಗುವ ತನಕ ನಡೆಯಿತು. ಬೆಲ್ಲಕ್ಕೆ ಬೇಕಾದದ್ದು ಉರಿ, ಮೀನಿಗೆ ಬೇಕಾದದ್ದು ಹೊಗೆ ಅನ್ನುವುದು ತಿಳಿಯಿತು. ರಚ್ಚನ್ನು ನೀರು ಚಿಮುಕಿಸಿ ಹಾಕಿದರೆ ಉರಿ ಏಳುವುದಿಲ್ಲ, ಹೊಗೆ ಏಳುತ್ತದೆ. ಮೀನನ್ನು ಹೊಟ್ಟೆಯ ಕಡೆಯಿಂದಲ್ಲ, ಬೆನ್ನಿನ ಕಡೆಯಿಂದ ಸೀಳಿ ಪುಸ್ತಕದ ಹಾಗೆ ಬಿಡಿಸಬೇಕು. ಒಂದು ದಿನ ಉಪ್ಪಲ್ಲಿ ಇಡಬೇಕು, ನೀರು ಬಿಟ್ಟ ಮೇಲೆ ಒರೆಸಿ, ತಲೆ ಕೆಳಗಾಗಿ ತೂಗಿ, ಮೂರು ದಿನ ಬಿಡದೆ ಹೊಗೆ ಕೊಡಬೇಕು. ಕೊನೆಕೊನೆಗೆ ಹೊಗೆಯ ಬಣ್ಣ ನೋಡಿಯೇ ಮೀನು ಆಯಿತೋ ಇಲ್ಲವೋ ಹೇಳುತ್ತಿದ್ದಳು ಅಂತಾರೆ. ಅವಳು ಕೈ ಬೀಸಿದ ಕಡೆಗೆ ಹೊಗೆ ತಿರುಗುತ್ತಿತ್ತು ಅಂತಲೂ ಅಂತಾರೆ. ಬಾಗಿಲಿಗೆ ಒದ್ದೆ ಗೋಣಿತಾಟು ಕಟ್ಟಿದರೆ ನೀವು ಬೀಸಿದರೂ ತಿರುಗುತ್ತದೆ.

ವೈಶಾಖ ಬಂತು. ತೂಬು ಎತ್ತಿದರು, ಮೀನು ಹಿಡಿದರು. ಸಾವ್ಕಾರ ಬಂದ, ಚಾಪೆ ಹಾಸಿದ. ಬೆಳಗ್ಗೆಯೇ ಯಜಮಾನರನ್ನು ಕರೆದು ಉತ್ತರ ಏನಾಯಿತು ಅಂತ ಕೇಳಿದ. ಸಣ್ಣೀರಮ್ಮ ಹಟ್ಟಿಯವರಿಗೆ ಹೇಳಿದಳು, ನಿಮ್ಮ ಪಾಲಿನ ಮೀನನ್ನು ಆಲೆಮನೆಗೆ ಕೊಡಿ, ಮಳೆಗಾಲ ಕಳೆಯಲಿ, ಆಗ ಮಾರೋಣ, ಆಗ ಉತ್ತರ ಹೇಳೋಣ ಅಂದಳು. ಸಂತೆಯಲ್ಲಿ ಅವಳನ್ನು ದನದ ಕಡೆಗೆ ಎಬ್ಬಿಸಿದ್ದು ಯಾರಿಗೂ ಮರೆತಿರಲಿಲ್ಲ. ಒಂಬತ್ತು ಮನೆಯವರು ಮೀನನ್ನು ಎಂದಿನಂತೆ ಸಾವ್ಕಾರನಿಗೇ ಕೊಟ್ಟರು. ಅವಳ ಮನೆಯೂ ಸೇರಿ ಐದು ಮನೆಯವರು ಅವಳ ಮಾತು ಕೇಳಿದರು. ಸಾವ್ಕಾರ ನಕ್ಕು, ಆಗಲಿ, ಪಿತೃಪಕ್ಷ ಕಳೆದ ಮೇಲೆ ಬರುತ್ತೇನೆ, ಅಷ್ಟು ಹೊತ್ತಿಗೆ ಐದು ಮನೆಯವರು ನನಗಿಂತ ಮುಂಚೆ ಕಟ್ಟೆಯ ಮೇಲೆ ಕೂತಿರುತ್ತಾರೆ ಅಂದು ಗಾಡಿ ಹೊಡೆದನಂತೆ.

ಅಂದರೆ ಲೆಕ್ಕ ಸುಲಭವಾಯಿತು. ಆ ಮೀನು ಕೆಟ್ಟರೆ ಐದು ಮನೆಗೆ ವರ್ಷವೆಲ್ಲ ಗಂಜಿ, ಹದಿನಾಲ್ಕು ಮನೆಗೂ ಕೆರೆ ಇಲ್ಲ.

ಎಷ್ಟು ಮೀನು ತೂಗುಹಾಕಿದಳು? ಒಂಬೈನೂರು ಅಂತ ಕೆಲವರು, ಎರಡು ಸಾವಿರ ಅಂತ ಕೆಲವರು. ಕಥೆ ಹೇಳುವವರ ಹೊಟ್ಟೆ ತುಂಬಿದ್ದರೆ ಮೀನೂ ಹೆಚ್ಚಾಗುತ್ತದೆ. ಜ್ಯೇಷ್ಠ ಕಳೆಯಿತು, ಏನೂ ಆಗಲಿಲ್ಲ. ಆಷಾಢದ ಗಾಳಿ ಬಂತು, ಸೋನೆ ಹಿಡಿಯಿತು. ಒಂದು ಬೆಳಗ್ಗೆ ನೋಡಿದರೆ ಸೂರಿನ ಕಡೆಯ ಸಾಲಿನಲ್ಲಿ ಮೀನಿನ ಮೇಲೆ ಬಿಳಿ ಬೂಷ್ಟು. ಐದು ಮನೆಯ ಹೆಂಗಸರೂ ಓಡಿ ಬಂದರು. ಒಬ್ಬಳು ಅಲ್ಲೇ ಕೂತು ಅತ್ತಳು. ಸಣ್ಣೀರಮ್ಮ ಅಳುವುದಕ್ಕೆ ಹೊತ್ತಿಲ್ಲ ಅಂತ ಒಂದೊಂದೇ ಮೀನು ಇಳಿಸಿ, ಉಪ್ಪು ಅರಿಸಿನದ ಬಟ್ಟೆಯಲ್ಲಿ ಒರೆಸಿ, ಮತ್ತೆ ಹೊಗೆಗೆ ಏರಿಸಿದಳು. ಎಲ್ಲರನ್ನೂ ಒರೆಸುವುದಕ್ಕೆ ಕೂರಿಸಿದಳು. ಆದರೆ ಹೊಗೆ ಹಾಕುವುದಕ್ಕೆ ಏನಿದೆ? ರಚ್ಚೆಲ್ಲ ಮಳೆಯಲ್ಲಿ ನೆಂದು ಕೊಳೆತಿತ್ತು. ನೆಂದದ್ದು ಹೊಗೆಯುವುದಕ್ಕೂ ಕೆಳಗೆ ಒಂದಷ್ಟು ಒಣಗಿದ್ದು ಬೇಕು. ಆಗ ಮಾಲಿಂಗ ಮನೆಗೆ ಹೋಗಿ, ಏಣಿ ಹಾಕಿ, ತನ್ನ ಗುಡಿಸಲಿನ ಮಾಡಿನ ಒಳಪದರದಿಂದ ಕಬ್ಬಿನ ಸೋಗೆ ಕಿತ್ತು ಕಿತ್ತು ತಂದನಂತೆ. ಆ ಮಳೆಗಾಲ ಅವರ ಅರ್ಧ ಮನೆಯಲ್ಲಿ ಸಂಸಾರ, ಅರ್ಧ ಮನೆಯಲ್ಲಿ ಮಳೆ.

ಮೀನು ಉಳಿಯಿತು. ಆದರೆ ಉಳಿದರೆ ಆಯಿತೇ, ಕೊಳ್ಳುವವರು ಬೇಡವೇ? ಶ್ರಾವಣ ಬಂತು. ಶ್ರಾವಣದಲ್ಲಿ ಅರ್ಧ ಸೀಮೆಯವರು ಮೀನು ಮಾಂಸ ಮುಟ್ಟುವುದಿಲ್ಲ. ಮುಟ್ಟುವವರಿಗೆ ಅವಳ ಬುಟ್ಟಿಯ ನೆನಪು ಚೆನ್ನಾಗಿತ್ತು. ಸಂತೆಯಿಂದ ಸಂತೆಗೆ ಹೋಗಿ ಕೂತಳು, ಬುಟ್ಟಿ ತುಂಬಿಕೊಂಡೇ ಬಂದಳು. ಐದು ಮನೆಯವರ ಮುಖದಲ್ಲಿ ನಗು ಹೋಯಿತು. ನೀರು ಸೇದುವ ಬಾವಿಯ ಹತ್ತಿರ, ಬೆಲ್ಲ ಕರಗಿತಾ ಸಣ್ಣೀರಮ್ಮ ಅಂತ ಕೇಳುವವರು ಕೇಳಿದರು. ಇವಳು, ಇಲ್ಲ ಕಣವ್ವ ಗಟ್ಟಿಯಾಗೇ ಅದೆ ಅನ್ನುತ್ತಿದ್ದಳಂತೆ. ಮನೆಗೆ ಬಂದು ಅನ್ನ ಬಿಡುತ್ತಿದ್ದಳಂತೆ.

ಭಾದ್ರಪದದ ಕೃಷ್ಣಪಕ್ಷ ಬಂತು. ಅದು ಹಿರಿಯರಿಗೆ ಎಡೆ ಇಡುವ ಪಕ್ಷ. ನಮ್ಮ ಕಡೆಯ ಕ್ರಮ ನಿಮಗೆ ಗೊತ್ತೇ ಇದೆ, ಸತ್ತವರು ಬದುಕಿದ್ದಾಗ ಏನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನು ಮಾಡಿ ಎಡೆ ಇಡಬೇಕು. ಮಾಂಸ ಇಷ್ಟವಿದ್ದವರಿಗೆ ಮಾಂಸ, ಹೆಂಡ ಇಷ್ಟವಿದ್ದವರಿಗೆ ಹೆಂಡ. ಮೀನು ಇಷ್ಟವಿದ್ದವರಿಗೆ? ಆ ಕಾಲದಲ್ಲಿ ಕೆರೆ ಕೋಡಿ ಬಿದ್ದಿರುತ್ತದೆ, ಮೀನೆಲ್ಲ ಆಳಕ್ಕೆ ಇಳಿದಿರುತ್ತದೆ, ಬಲೆಗೆ ಹಿಡಿಯಷ್ಟು ಪುಡಿಮೀನು ಸಸ್ಲು ಬಿದ್ದರೆ ಪುಣ್ಯ. ಎಷ್ಟೋ ಮನೆಯವರು ಮೀನು ಸಿಗದೆ ಬದನೆಕಾಯಿಯನ್ನು ಮೀನಿನ ಹಾಗೆ ಕೊಯ್ದು ಹಾಕಿ, ತಪ್ಪಾಯ್ತು ಅಂತ ಕೈ ಮುಗಿಯುತ್ತಿದ್ದರು.

ಪಕ್ಷದ ಮೊದಲನೇ ಸಂತೆಯಲ್ಲಿ ಒಬ್ಬ ಮಧ್ಯವಯಸ್ಸಿನ ಒಕ್ಕಲಿಗ ಅವಳ ಬುಟ್ಟಿಯ ಮುಂದೆ ನಿಂತ. ಅವನಪ್ಪ ಸತ್ತು ವರ್ಷ ತುಂಬಿತ್ತು. ಮೂರು ಕೆರೆ ಸುತ್ತಿ ಬಂದಿದ್ದ, ಎಲ್ಲೂ ಮೀನಿಲ್ಲ. ಬುಟ್ಟಿಯಲ್ಲಿದ್ದ ಕಂದು ಬಣ್ಣದ ಹಲಗೆಗಳನ್ನು ನೋಡಿ, ಇದೇನವ್ವ ಅಂತ ಅನುಮಾನದಿಂದ ಕೇಳಿದ. ಸಣ್ಣೀರಮ್ಮ ಮೀನು ಅನ್ನಲಿಲ್ಲ, ಬೆಲೆಯನ್ನೂ ಹೇಳಲಿಲ್ಲ.

"ನಿಮ್ಮಪ್ಪ ಮೀನ್ನ ಹೆಂಗೆ ತಿಂತಿದ್ರಪ್ಪ? ತಲೆ ಇಷ್ಟವಾ, ನಡು ಇಷ್ಟವಾ?" ಅಂದಳು.

ಅವನು ತಲೆ ಅಂದ. ತಲೆಯ ಪಾಲಿಗೆ ನಮ್ಮಮ್ಮನ ಜೊತೆ ಜಗಳ ಆಡುತ್ತಿದ್ದರು ಅಂದ. ಅನ್ನುತ್ತಲೇ ಕಣ್ಣಲ್ಲಿ ನೀರು ಬಂತು. ಅವಳು ಬುಟ್ಟಿಯಲ್ಲಿ ಕೈಯಾಡಿಸಿ ದೊಡ್ಡ ತಲೆಯ ಮೀನೊಂದನ್ನು ಆರಿಸಿ ಕೊಟ್ಟು, ಬಿಸಿನೀರಲ್ಲಿ ನೆನೆಹಾಕಿ, ಆಮೇಲೆ ಹುಳಿಸಾರಿಗೆ ಬಿಡಿ ಅಂತ ಹೇಳಿಕೊಟ್ಟಳು. ಎಡೆ ಇಟ್ಟು ಕಾಗೆ ಕರೆದಾಗ ಕಾಗೆ ತಡ ಮಾಡಲಿಲ್ಲವಂತೆ. ಅಷ್ಟು ಸಾಕಾಯಿತು. ಮುಂದಿನ ಸಂತೆಗೆ ಅವನ ಊರಿಗೆ ಊರೇ ಬಂತು. ಅಮಾವಾಸ್ಯೆ ಹತ್ತಿರವಾದಂತೆ ಸಂತೆಯವರೆಗೂ ಕಾಯದೆ ಜನ ಆಲೆಮನೆಯ ಬಾಗಿಲಿಗೇ ಗಾಡಿ ಕಟ್ಟಿಕೊಂಡು ಬಂದರು. ಬಂದ ಒಬ್ಬೊಬ್ಬರನ್ನೂ ಅವಳು ಕೇಳಿದಳು, ನಿಮ್ಮವ್ವನಿಗೆ ಏನಿಷ್ಟ, ನಿಮ್ಮಣ್ಣನಿಗೆ ಏನಿಷ್ಟ, ಖಾರ ಮುಂದಿರಬೇಕಾ ಹುಳಿ ಮುಂದಿರಬೇಕಾ? ಏಳು ಊರಿನ ಸತ್ತವರ ನಾಲಿಗೆ ರುಚಿಯೆಲ್ಲ ಅವಳಿಗೆ ಬಾಯಿಪಾಠವಾಗಿತ್ತು ಅಂತಾರೆ. ಇದನ್ನು ಮಾತ್ರ ನಾನು ನಂಬುತ್ತೇನೆ.

ಅಮಾವಾಸ್ಯೆಗೆ ಮೀನು ತೂಗುಹಾಕಿದ ಗಳುವೆಲ್ಲ ಖಾಲಿಯಾಯಿತು. ವೈಶಾಖದ ಬೆಳಗಿನ ಬೆಲೆಯ ಮೂರರಷ್ಟು ಬಂತು. ಪಕ್ಷ ಕಳೆದು ಸಾವ್ಕಾರ ಬಂದಾಗ ಕಟ್ಟೆಯ ಮೇಲೆ ಹದಿನಾಲ್ಕು ಮನೆಯವರೂ ಕೂತಿದ್ದರು. ಯಜಮಾನರು ಹೇಳಿದರಂತೆ, "ಕೆರೆ ಕೊಡಾಕಿಲ್ಲ ಸಾವ್ಕಾರ್ರೇ. ಮೀನು ಬೇಕಾದ್ರೆ ಹೊತ್ತುಟ್ಟೋ ಹೊತ್ಗೆ ಬನ್ನಿ, ಆಗಿನ ಬೆಲೆಗೆ ಕೊಡ್ತೀವಿ." ಮುಂದಿನ ವೈಶಾಖದಲ್ಲಿ ಸಾವ್ಕಾರ ಚಾಪೆ ತರಲಿಲ್ಲ. ಅವನು ಒಳ್ಳೆಯವನಾಗಿಬಿಟ್ಟ ಅಂತ ಅಲ್ಲ, ಕೆಟ್ಟವನೂ ಅವನಲ್ಲ, ವ್ಯಾಪಾರಿ ಅಷ್ಟೇ. ಆಲೆಮನೆಯಿಂದ ಹೊಗೆ ಏಳುತ್ತಿದ್ದುದು ಅವನಿಗೆ ದಾರಿಯಿಂದಲೇ ಕಾಣುತ್ತಿತ್ತು.

ಆಮೇಲೆ ಸಣ್ಣೀರಮ್ಮ ಬಹಳ ವರ್ಷ ಬದುಕಿದಳು. ಯಾರಿಗೂ ಬೇಡವಾದ ಪುಡಿಮೀನು ಸಸ್ಲನ್ನು ಹುರಿದು, ಹುಣಸೆ ರಸ, ಖಾರ, ಎಳ್ಳೆಣ್ಣೆ ಹಾಕಿ ಉಪ್ಪಿನಕಾಯಿ ಮಾಡಿಸಿದಳು. ಹೊಗೆ ಹಾಕುವಾಗ ಉದುರುವ ಚೂರನ್ನೂ ಬಿಡದೆ ಮೆಣಸಿನಕಾಯಿ ಜೊತೆ ಕುಟ್ಟಿ ಚಟ್ನಿಪುಡಿ ಮಾಡಿಸಿದಳು. ಕೆರೆಯಿದ್ದ ಊರಿಂದೆಲ್ಲ ಹೆಂಗಸರು ಬಂದು ಕಲಿತು ಹೋದರು. ಕಥೆಯೂ ಬೆಳೆಯಿತು. ಅವಳ ಕೈಯ ಮೂರು ವರ್ಷದ ಮೀನನ್ನು ನೀರಿಗೆ ಹಾಕಿದರೆ ಬಾಲ ಬಡಿಯುತ್ತಿತ್ತು ಅಂತಾರೆ. ಶುದ್ಧ ಸುಳ್ಳು, ಆದರೂ ಹೇಳುವುದಕ್ಕೆ ಚೆನ್ನಾಗಿದೆ.

ಅವಳು ತೀರಿಕೊಂಡಳು. ಎಲ್ಲರೂ ತೀರಿಕೊಳ್ಳುತ್ತಾರೆ. ಅವಳ ಮೊದಲ ಪಕ್ಷ ಬಂತು. ಮಾಲಿಂಗ ಮುದುಕನಾಗಿದ್ದ. ಸೊಸೆ ಒಲೆ ಹಚ್ಚಿ, ಅತ್ತೆಗೆ ಏನು ಮಾಡಲಿ ಮಾವ ಅಂತ ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಮೀನಾ? ಅವಳು ಮೀನು ತಿಂದದ್ದು ನೋಡಿದವರು ಯಾರೂ ಇರಲಿಲ್ಲ. ಹೊಗೆಯಲ್ಲೇ ಇದ್ದವಳು, ಮನೆಗೆ ಬಂದು ಎಲ್ಲರಿಗೂ ಬಡಿಸಿ, ತಳದಲ್ಲಿ ಏನಿತ್ತೋ ಅದನ್ನು ಉಂಡು ಎದ್ದವಳು. ಸೊಸೆ ಪಕ್ಕದ ಮನೆಗೆ ಹೋಗಿ ಕೇಳಿದಳು, ಅವರಿಗೂ ಗೊತ್ತಿಲ್ಲ. ಹದಿನಾಲ್ಕು ಮನೆಯನ್ನೂ ಕೇಳಿದಳು. ಏಳು ಊರಿನ ಸತ್ತವರಿಗೆ ಏನಿಷ್ಟ ಅಂತ ಕೇಳಿ ಕೇಳಿ ಕೊಟ್ಟವಳನ್ನು, ನಿನಗೇನಿಷ್ಟ ಅಂತ ಒಬ್ಬರೂ ಒಂದು ದಿನವೂ ಕೇಳಿರಲಿಲ್ಲ. ಮುದುಕ ಜಗುಲಿಯ ಮೇಲೆ ಕೂತು ಮಗುವಿನ ಹಾಗೆ ಅತ್ತನಂತೆ. ನನಗೂ, ಯಾವುದೋ ಕಾಲದಲ್ಲಿ ಯಾರೋ ಮಾಡಿದ ತಪ್ಪಿಗೆ, ನಾಚಿಕೆಯಾಗುತ್ತದೆ.

ಅವತ್ತು ಹದಿನಾಲ್ಕು ಮನೆಯವರೂ ತಮ್ಮ ತಮ್ಮ ಒಲೆಯಿಂದ ಒಂದೊಂದು ತಂದರು. ಒಬ್ಬರು ಹೊಗೆ ಮೀನಿನ ಸಾರು, ಒಬ್ಬರು ಹುರುಳಿ ಬಸ್ಸಾರು, ಒಬ್ಬರು ಒಬ್ಬಟ್ಟು, ಒಬ್ಬರು ಬರೀ ಬಿಸಿ ಮುದ್ದೆ, ತುಪ್ಪ. ಒಂದು ದೊಡ್ಡ ಎಲೆಯ ಮೇಲೆ ಎಲ್ಲವನ್ನೂ ಇಟ್ಟು, ಮಾಲಿಂಗನೇ ಎದ್ದು ನಿಂತು ಹೇಳಿದನಂತೆ, "ನಾವು ಕೇಳ್ನಿಲ್ಲ ಕಣಮ್ಮಿ. ಯಾವ್ದು ಇಷ್ಟವೋ ನೀನೇ ತಕ."

ಇವತ್ತಿಗೂ ಕಲ್ತೂಬಿನಹಳ್ಳಿಯಲ್ಲಿ ಪಕ್ಷದ ಕೊನೆಯ ದಿನ ಹಾಗೆಯೇ ನಡೆಯುತ್ತದೆ. ಹದಿನಾಲ್ಕು ಮನೆ ಈಗ ಎಪ್ಪತ್ತು ಮನೆಯಾಗಿದೆ, ಎಲೆ ಸಾಲದೆ ಚಾಪೆಯ ಮೇಲೆ ಎಲೆ ಹೊಂದಿಸುತ್ತಾರೆ. ಹಿರಿಯರೊಬ್ಬರು ಎದ್ದು ಅದೇ ಮಾತು ಹೇಳುತ್ತಾರೆ. ಆಮೇಲೆ ಮನೆಮನೆಯಲ್ಲಿ ಊಟಕ್ಕೆ ಕೂರುವ ಮುಂಚೆ ಅಡುಗೆ ಮಾಡಿದವಳನ್ನು ನಿನಗೇನು ಬೇಕು ಅಂತ ಕೇಳಿ, ಅವಳಿಗೆ ಮೊದಲು ಬಡಿಸಬೇಕು, ಇಲ್ಲದಿದ್ದರೆ ಯಾರೂ ತುತ್ತು ಎತ್ತುವ ಹಾಗಿಲ್ಲ. ಎಡೆಯ ಎಲೆಯನ್ನು ಕೆರೆ ಏರಿಯ ಮೇಲಿಟ್ಟು ಕಾಗೆ ಯಾವುದನ್ನು ಮೊದಲು ಮುಟ್ಟುತ್ತದೆ ಅಂತ ಊರೆಲ್ಲ ನೋಡುತ್ತದೆ. ಹೋದ ವರ್ಷ ಸಸ್ಲು ಉಪ್ಪಿನಕಾಯಿ ಮುಟ್ಟಿತು. ಅದರ ಹಿಂದಿನ ವರ್ಷ ಮೊಸರನ್ನ. ಅದರ ಹಿಂದಿನ ವರ್ಷ ಹುರುಳಿ ಬಸ್ಸಾರು. ಅವಳಿಗೆ ಏನಿಷ್ಟ ಅಂತ ನಮಗೆ ಇನ್ನೂ ಗೊತ್ತಾಗಿಲ್ಲ. ಈ ವರ್ಷವೂ ಕೇಳುತ್ತೇವೆ.